ಲೇಬಲ್ ಕಿತ್ತು ಮತ್ತೆ ಶುರು: 43 ಕಲ್ಲುಗಳ ಗುರುತು ಹಿಡಿದ ಕೆಲಸ

ಅಟ್ಟದ ಮೇಲಿದ್ದ ಮರದ ಪೆಟ್ಟಿಗೆ ಇಳಿಸಿದಾಗ ಮೊದಲು ಕೈಗೆ ಸಿಕ್ಕಿದ್ದು ಒಂದು ಬಿಳಿ ಕಲ್ಲು. ಅದರ ಮೇಲೆ ನನ್ನದೇ ಕೈಬರಹದಲ್ಲಿ ‘ಅಮೃತಶಿಲೆ’ ಅಂತ ಲೇಬಲ್ ಇತ್ತು. ಪಕ್ಕದಲ್ಲೊಂದು ಹಳೇ ಗಾಜಿನ ತುಂಡು ಬಿದ್ದಿತ್ತು. ಸುಮ್ನೆ ಅದರ ಮೇಲೆ ಕಲ್ಲಿನ ಮೂಲೆಯಿಂದ ಎಳೆದೆ. ಕರ್ ಅಂತ ಸದ್ದು ಬಂತು, ಗಾಜಿನ ಮೇಲೆ ಗೀರು ಬಿತ್ತು. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಗೀರು ಹೋಗಲಿಲ್ಲ.

ಅಮೃತಶಿಲೆ ಗಾಜನ್ನು ಗೀರುವುದಿಲ್ಲ. ಅದು ಗಾಜಿಗಿಂತ ಮೆದು. ಅಂದರೆ ಈ ಲೇಬಲ್ ತಪ್ಪು.

ಪೆಟ್ಟಿಗೆಯಲ್ಲಿ ಒಟ್ಟು 43 ಕಲ್ಲುಗಳಿದ್ದವು. ವರ್ಷಗಳ ಹಿಂದೆ ಅವನ್ನೆಲ್ಲ ಪುಸ್ತಕದ ಚಿತ್ರಗಳ ಪಕ್ಕದಲ್ಲಿಟ್ಟು, ಬಣ್ಣ ಹೋಲಿಸಿ ಹೆಸರು ಬರೆದಿದ್ದೆ. ಬಿಳಿ ಇದ್ದರೆ ಅಮೃತಶಿಲೆ, ಕಪ್ಪು ಇದ್ದರೆ ಬಸಾಲ್ಟ್, ಚುಕ್ಕೆ ಚುಕ್ಕೆ ಇದ್ದರೆ ಗ್ರಾನೈಟ್. ಒಂದು ಹೆಸರು ಸುಳ್ಳಾದ ಮೇಲೆ ಉಳಿದವನ್ನು ನಂಬುವುದು ಹೇಗೆ? ಅವತ್ತು ಸಂಜೆಯೇ 43 ಲೇಬಲ್‌ಗಳನ್ನೂ ಬಿಸಿನೀರಲ್ಲಿ ನೆನೆಸಿ ಕಿತ್ತೆ. ಹಳೇ ಹೆಸರುಗಳನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟೆ. ಈ ಸಲ ಪರೀಕ್ಷೆ ಮೊದಲು, ಹೆಸರು ಆಮೇಲೆ.

ಸಲಕರಣೆ

ದುಬಾರಿ ಸಾಮಾನು ಯಾವುದೂ ಬೇಕಾಗಲಿಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, ಗಾಜಿನ ತುಂಡು, ತಾಮ್ರದ ತಂತಿ, ಉಕ್ಕಿನ ಚಾಕು, ಉಕ್ಕಿನ ಅರ, ನೆಲದ ಟೈಲ್ಸ್ ತುಂಡು, ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತ, ಬಿಳಿ ವಿನೆಗರ್, ಇಂಕ್ ಫಿಲ್ಲರ್, 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಇವೆಲ್ಲದಕ್ಕಿಂತ ಮುಖ್ಯವಾಗಿ ಕಲ್ಲು ಕೆಲಸದ ಸುತ್ತಿಗೆ ಮತ್ತು ಕಣ್ಣಿಗೆ ಹಾಕುವ ಕನ್ನಡಕ. ಬಡಗಿ ಸುತ್ತಿಗೆಯಲ್ಲಿ ಕಲ್ಲು ಒಡೆಯಬೇಡಿ. ಅದು ಇರುವುದು ಮೊಳೆ ಹೊಡೆಯಲಿಕ್ಕೆ. ಕಲ್ಲಿಗೆ ಬಿದ್ದರೆ ಅದರ ಅಂಚೇ ಚಕ್ಕೆಯಾಗಿ ಹಾರಿ ಕಣ್ಣಿಗೆ ಬರಬಹುದು.

ಮೊದಲ ದಿನ: ತೊಳೆಯುವುದು, ನಂಬರ್ ಹಾಕುವುದು

ಹಳೇ ಟೂತ್‌ಬ್ರಷ್‌ನಲ್ಲಿ ಒಂದೊಂದನ್ನೇ ಉಜ್ಜಿದೆ. ಮೆತ್ತಿಕೊಂಡಿದ್ದ ಮಣ್ಣು ಸಡಿಲವಾಗಲಿ ಅಂತ ಕೆಲವನ್ನು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಅಲ್ಲೇ ಎಡವಟ್ಟಾಯಿತು. ಬೆಳಗ್ಗೆ ನೋಡಿದರೆ ಒಂದು ಕಲ್ಲು ಕಡಿಮೆ! ತಳದಲ್ಲಿ ಬರೀ ಬೂದು ಕೆಸರು. ಬೆರಳಲ್ಲಿ ತಿಕ್ಕಿದರೆ ಬೆಣ್ಣೆಯಂಥ ನುಣುಪು, ಒಂದು ಮರಳಿನ ಕಣವೂ ಇರಲಿಲ್ಲ. ಅದು ಪೂರ್ತಿ ಕಲ್ಲಾಗಿರದ, ಒತ್ತಡಕ್ಕೆ ಗಟ್ಟಿಯಾಗಿದ್ದ ಜೇಡಿ. ಕಣಗಳನ್ನು ಹಿಡಿದಿಡುವ ಅಂಟು ಅದರೊಳಗೆ ಇರಲೇ ಇಲ್ಲ. ಒಂದು ನಮೂನೆ ಹೋಯಿತು ಅಂತ ಬೇಜಾರಾಯಿತು. ಆದರೆ ಅದೇನು ಅನ್ನುವುದು ಮಾತ್ರ ಪಕ್ಕಾ ಆಯಿತು. ಇನ್ನು ಮುಂದೆ ಮೂಲೆಯ ಮೇಲೆ ಒಂದು ಹನಿ ನೀರು ಬಿಟ್ಟು, ಹತ್ತು ನಿಮಿಷ ನೋಡಿ, ಆಮೇಲಷ್ಟೇ ಬಕೆಟ್ಟಿಗೆ.

ಉಳಿದ 42ಕ್ಕೆ ನಂಬರ್ ಹಾಕಿದೆ. ಕಲ್ಲಿನ ಒಂದು ಮೂಲೆಯಲ್ಲಿ ಬರಹ ಅಳಿಸುವ ಬಿಳಿ ದ್ರವದ ಚುಕ್ಕೆ ಇಟ್ಟು, ಒಣಗಿದ ಮೇಲೆ ಕಪ್ಪು ಇಂಕಿನಲ್ಲಿ ಸಂಖ್ಯೆ ಬರೆದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಷ್ ಬಳಿದೆ. ಕಾಗದದ ಲೇಬಲ್ ಉದುರುತ್ತದೆ, ಇದು ಉದುರುವುದಿಲ್ಲ. ಕಲ್ಲಿನ ಮೇಲೆ ಹೆಸರು ಬರೆಯಬಾರದು, ನಂಬರ್ ಮಾತ್ರ ಬರೆಯಬೇಕು. ಹೆಸರು ನಾಳೆ ಬದಲಾಗಬಹುದು, ನಂಬರ್ ಬದಲಾಗುವುದಿಲ್ಲ.

ಎರಡನೇ ದಿನ: ಒಡೆಯುವುದು

ಕಲ್ಲಿನ ಹೊರಮೈ ಎಂದರೆ ಬಿಸಿಲು, ಮಳೆ, ಪಾಚಿ, ತುಕ್ಕು ಸೇರಿ ಬರೆದ ಕಥೆ. ಕಲ್ಲು ನಿಜವಾಗಿ ಏನು ಅನ್ನುವುದು ಒಳಗಿರುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ಮೂಲೆಗೆ ಒಂದು ಏಟು ಕೊಟ್ಟು, ಪ್ರತಿ ಕಲ್ಲಿನಿಂದ ಒಂದೊಂದು ಚಕ್ಕೆ ತೆಗೆದೆ. ಕಂದು ಬಣ್ಣದ 12ನೇ ಕಲ್ಲು ಒಳಗೆ ಕಪ್ಪಾಗಿತ್ತು. ಕಂದು ಬಣ್ಣ ಇದ್ದದ್ದು ಹೊರಗಿನ ಮೂರು ಮಿಲಿಮೀಟರ್ ಮಾತ್ರ. ಕಲ್ಲಿನಲ್ಲಿದ್ದ ಕಬ್ಬಿಣ ಗಾಳಿ, ನೀರಿಗೆ ಸಿಕ್ಕಿ ತುಕ್ಕಾಗಿದ್ದರಿಂದ ಆ ಸಿಪ್ಪೆ ಹುಟ್ಟಿತ್ತು. ಬಣ್ಣ ನೋಡಿ ಇದಕ್ಕೆ ಮರಳುಗಲ್ಲು ಅಂತ ಬರೆದಿದ್ದೆ!

40ನೇ ಕಲ್ಲನ್ನು ಮಾತ್ರ ಒಡೆಯಲಿಲ್ಲ. ಅದರ ಬಿರುಕಿನಲ್ಲಿ ಹತ್ತಿಯ ಎಳೆಗಳಂಥ ನಾರು ಕಂಡಿತು. ಕೆಲವು ನಾರಿನ ಖನಿಜಗಳು ಕಲ್ನಾರು, ಅಂದರೆ ಆಸ್ಬೆಸ್ಟಸ್, ಆಗಿರುತ್ತವೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಅಪಾಯ. ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಿಟ್ಟೆ. ಇಂಥದ್ದು ಸಿಕ್ಕರೆ ಗೀರುವುದೂ ಬೇಡ, ಉಜ್ಜುವುದೂ ಬೇಡ.

ಮೂರನೇ ದಿನ: ಗೀರು

ಗಟ್ಟಿತನ ಅಳೆಯಲು ಎಲ್ಲರೂ ಬಳಸುವುದು ಜರ್ಮನ್ ಖನಿಜತಜ್ಞ ಫ್ರೀಡ್ರಿಕ್ ಮೊಹ್ಸ್ 1812ರಲ್ಲಿ ಕೊಟ್ಟ ಪಟ್ಟಿ. 1 ಅಂದರೆ ಬಳಪದ ಕಲ್ಲಿನಲ್ಲಿರುವ ಟಾಲ್ಕ್, 10 ಅಂದರೆ ವಜ್ರ. ನಡುವೆ 3 ಕ್ಯಾಲ್ಸೈಟ್ (ಅಮೃತಶಿಲೆ, ಸುಣ್ಣದ ಕಲ್ಲುಗಳ ಮುಖ್ಯ ಖನಿಜ), 6 ಫೆಲ್ಡ್‌ಸ್ಪಾರ್ (ಗ್ರಾನೈಟಿನ ಮುಖ್ಯ ಖನಿಜಗಳಲ್ಲೊಂದು), 7 ಬೆಣಚು, ಅಂದರೆ ಕ್ವಾರ್ಟ್ಸ್. ಉಗುರು ಸುಮಾರು 2.5, ತಾಮ್ರ 3ರ ಆಸುಪಾಸು, ಗಾಜು ಮತ್ತು ಚಾಕು 5.5ರ ಆಸುಪಾಸು, ಒಳ್ಳೇ ಅರ 6.5. ಇದು ಬರೀ ಸಾಲು, ಅಳತೆಗೋಲಲ್ಲ. ಯಾವುದು ಯಾವುದನ್ನು ಗೀರುತ್ತದೆ ಅಂತ ಮಾತ್ರ ಹೇಳುತ್ತದೆ. 9ರಿಂದ 10ಕ್ಕೆ ಇರುವ ಅಂತರ ಉಳಿದ ಅಂತರಗಳಿಗಿಂತ ತುಂಬಾ ಜಾಸ್ತಿ.

ಈ ಪರೀಕ್ಷೆಯಲ್ಲಿ ಎರಡು ಕಡೆ ಮೋಸ ಹೋಗಬಹುದು. ಮೆದು ಕಲ್ಲನ್ನು ಗಾಜಿನ ಮೇಲೆ ಎಳೆದರೂ ಬಿಳಿ ಗೆರೆ ಬೀಳುತ್ತದೆ. ಅದು ಗೀರಲ್ಲ, ಕಲ್ಲಿನ ಪುಡಿ. ಒದ್ದೆ ಬೆರಳಲ್ಲಿ ಒರೆಸಿ, ಆಮೇಲೆ ಉಗುರಿನ ತುದಿ ಆಡಿಸಿ ನೋಡಬೇಕು. ಉಗುರು ಸಿಕ್ಕಿಕೊಂಡರೆ ಮಾತ್ರ ಗೀರು. ಎರಡನೇದು ಮರಳುಗಲ್ಲಿನದು. ಚಾಕು ಆಡಿಸಿದರೆ ಪುಡಿಪುಡಿಯಾಗಿ ಉದುರುತ್ತದೆ, ಮೆದು ಅನ್ನಿಸುತ್ತದೆ. ಉದುರುವುದು ಕಣಗಳ ನಡುವಿನ ಅಂಟು, ಕಣ ಅಲ್ಲ. ಉದುರಿದ ಅದೇ ಕಣವನ್ನು ಗಾಜಿನ ಮೇಲಿಟ್ಟು ಒತ್ತಿ ಎಳೆದರೆ ಗಾಜು ಗೀರುತ್ತದೆ.

ಬಿಳಿ ಕಲ್ಲುಗಳು ಮೂರಿದ್ದವು: 4, 9, 31. ಮೂರಕ್ಕೂ ‘ಅಮೃತಶಿಲೆ’ ಅಂತ ಬರೆದಿದ್ದೆ. ಈಗ ಮೂರನ್ನೂ ಸಾಲಾಗಿಟ್ಟು ಕೂತೆ.

4ನೇದಕ್ಕೆ ಚಾಕು ಸಲೀಸಾಗಿ ಇಳಿಯಿತು. ಗಾಜಿನ ಮೇಲೆ ಗೀರು ಬೀಳಲಿಲ್ಲ. ಲೆನ್ಸ್ ಹಿಡಿದು ಬೆಳಕಿನಲ್ಲಿ ತಿರುಗಿಸಿದರೆ ಸಕ್ಕರೆ ಹರಳಿನಂಥ ಪುಟ್ಟ ಪುಟ್ಟ ಮುಖಗಳು ಒಂದಾದ ಮೇಲೊಂದು ಮಿನುಗಿದವು. ಪ್ರತಿ ಹರಳೂ ಚಪ್ಪಟೆಯಾಗಿ ಸೀಳಿತ್ತು. ಕ್ಯಾಲ್ಸೈಟಿನ ಸ್ವಭಾವವೇ ಅದು.

9ನೇದು ಗಾಜು ಗೀರಿತ್ತು. ಒಡೆದ ಮೈಯಲ್ಲಿ ಮರಳಿನ ಕಣಗಳ ಗುಂಡು ಆಕಾರ ಮಸುಕಾಗಿ ಕಾಣುತ್ತಿತ್ತು. ಆದರೆ ಬಿರುಕು ಆ ಕಣಗಳನ್ನು ಸುತ್ತಿ ಹೋಗಿರಲಿಲ್ಲ, ಅವನ್ನು ಸೀಳಿಕೊಂಡೇ ಹೋಗಿತ್ತು. ಈ ಒಂದು ಗುರುತು ನನಗೆ ತುಂಬಾ ಇಷ್ಟ. ಮರಳುಗಲ್ಲು ಒಡೆಯುವಾಗ ಬಿರುಕು ಕಣಗಳ ನಡುವಿನ ಅಂಟಿನಲ್ಲಿ ಹರಿಯುತ್ತದೆ, ಹಾಗಾಗಿ ಮೈ ದೊರಗು. ಅದೇ ಮರಳುಗಲ್ಲು ಭೂಮಿಯೊಳಗೆ ಬಿಸಿ, ಒತ್ತಡಕ್ಕೆ ಸಿಕ್ಕಿ ಕ್ವಾರ್ಟ್‌ಜೈಟ್ ಆದಾಗ ಕಣಕ್ಕೂ ಅಂಟಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಬಿರುಕಿಗೆ ಸುತ್ತುವ ದಾರಿ ಇಲ್ಲ, ನೇರ ಸೀಳುತ್ತದೆ. 9 ಕ್ವಾರ್ಟ್‌ಜೈಟ್.

31ನೇದೂ ಗಾಜು ಗೀರಿತು. ಆದರೆ ಕಣಗಳೇ ಇರಲಿಲ್ಲ. ಎಣ್ಣೆ ಸವರಿದಂಥ ಹೊಳಪು, ಒಡೆದ ಕಡೆ ಚಿಪ್ಪಿನಂಥ ಬಾಗು. ಬಂಡೆಯ ಬಿರುಕಿನಲ್ಲಿ ಬಿಸಿನೀರು ತಂದು ತುಂಬಿದ ಬೆಣಚುಕಲ್ಲು ಅದು. ಬರಿಗಣ್ಣಿಗೆ ಒಂದೇ ಥರ ಕಾಣುವ ಮೂರು ಕಲ್ಲು, ಮೂರು ಬೇರೆ ಬೇರೆ ಹುಟ್ಟು. ನೋಟ್‌ಬುಕ್ಕಿನಲ್ಲಿ ಒಂದು ಇಡೀ ಪುಟ ಇದಕ್ಕೇ ಹೋಯಿತು.

ನಾಲ್ಕನೇ ದಿನ: ಹುಳಿ ಮತ್ತು ಟೈಲ್ಸ್

ಭೂವಿಜ್ಞಾನಿಗಳು ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ. ನನಗೆ ವಿನೆಗರ್ ಸಾಕಾಯಿತು, ತಾಳ್ಮೆ ಮಾತ್ರ ಜಾಸ್ತಿ ಬೇಕು. ಕಲ್ಲನ್ನು ಚಾಕುವಿನಿಂದ ಕೆರೆದು ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ಹನಿ ಬಿಟ್ಟು, ಲೆನ್ಸಿನಲ್ಲಿ ನೋಡಬೇಕು. ಕ್ಯಾಲ್ಸೈಟ್ ಇದ್ದರೆ ಗುಳ್ಳೆ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡ್. 4ನೇ ಕಲ್ಲಿನಿಂದ ಗುಳ್ಳೆಗಳ ಸಾಲೇ ಎದ್ದಿತು. ಹಾಗಾಗಿ ಅದೊಂದು ಮಾತ್ರ ನಿಜವಾದ ಅಮೃತಶಿಲೆ. ಒಂದು ಬೂದು ಸುಣ್ಣದ ಕಲ್ಲೂ ಚೆನ್ನಾಗಿ ನೊರೆ ಬಿಟ್ಟಿತು, ಅದರಲ್ಲಿ ಚಿಪ್ಪಿನ ಚೂರುಗಳೂ ಕಂಡವು. ಕ್ಯಾಲ್ಸೈಟಿನ ಹತ್ತಿರದ ಖನಿಜ ಡಾಲಮೈಟ್ ಇದ್ದರೆ ಗುಳ್ಳೆ ಬಹಳ ನಿಧಾನ, ಪುಡಿ ಮಾಡದಿದ್ದರೆ ಇಲ್ಲವೇ ಇಲ್ಲ ಅನ್ನುವಷ್ಟು.

ಗೊಂದಲ ಎಬ್ಬಿಸಿದ್ದು 12. ಒಳಗೆ ಕಪ್ಪಾಗಿದ್ದ ಆ ಕಲ್ಲೂ ಬುಸುಗುಟ್ಟಿತು! ಕಪ್ಪು ಸುಣ್ಣದ ಕಲ್ಲು ಇರಬಹುದು ಅಂತ ಬರೆದೂಬಿಟ್ಟೆ. ಆಮೇಲೆ ಲೆನ್ಸ್ ಹಿಡಿದಾಗ ಗುಳ್ಳೆ ಬರುತ್ತಿದ್ದದ್ದು ಕೂದಲೆಳೆಯಂಥ ಒಂದು ಬಿಳಿ ಗೆರೆಯಿಂದ ಮಾತ್ರ ಅಂತ ಗೊತ್ತಾಯಿತು. ಪಕ್ಕದ ಕಪ್ಪು ಭಾಗ ಸುಮ್ಮನಿತ್ತು. ಕಲ್ಲಿನ ಬಿರುಕಿಗೆ ಆಮೇಲೆ ನೀರು ಬಂದು ಕ್ಯಾಲ್ಸೈಟ್ ತುಂಬಿತ್ತು, ಅಷ್ಟೇ. ಹನಿ ಎಲ್ಲಿ ಬಿತ್ತು ಅನ್ನುವುದನ್ನೂ ಬರೆದಿಡಬೇಕು. ಬರೀ ‘ನೊರೆ ಬಂತು’ ಅಂತ ಬರೆದರೆ ಸಾಲದು.

ಟೈಲ್ಸಿನ ಹಿಂಭಾಗದಲ್ಲಿ ಮೆರುಗು ಇರುವುದಿಲ್ಲ. ಅದರ ಮೇಲೆ ಖನಿಜವನ್ನು ಎಳೆದರೆ ಪುಡಿಯ ಬಣ್ಣ ಕಾಣುತ್ತದೆ. ಗಟ್ಟಿ ಖನಿಜದ ಮೈಬಣ್ಣ ಏನೇ ಇರಲಿ, ಪುಡಿಯ ಬಣ್ಣ ಸುಳ್ಳು ಹೇಳುವುದು ಕಡಿಮೆ. 28 ಮತ್ತು 29 ಎರಡೂ ಕಪ್ಪು, ಎರಡೂ ಭಾರ, ಎರಡಕ್ಕೂ ‘ಕಬ್ಬಿಣದ ಕಲ್ಲು’ ಅಂತ ಹಳೇ ಹೆಸರು. 28 ಎಳೆದರೆ ಒಣ ರಕ್ತದಂಥ ಕೆಂಗಂದು ಗೆರೆ ಬಿತ್ತು: ಹೆಮಟೈಟ್. 29 ಎಳೆದರೆ ಕಪ್ಪು ಗೆರೆ, ದಾರದ ಅಯಸ್ಕಾಂತ ಹಾರಿ ಬಂದು ಕಚ್ಚಿಕೊಂಡಿತು: ಮ್ಯಾಗ್ನಟೈಟ್. ಬೆಣಚು ಎಳೆದರೆ ಮಾತ್ರ ಬಿಳಿ ಗೆರೆ ನೋಡಿ ಮೋಸ ಹೋಗಬೇಡಿ. ಬೆಣಚು ಟೈಲ್ಸನ್ನೇ ಕೆರೆಯಬಲ್ಲದು, ಆಗ ಕಾಣುವುದು ಟೈಲ್ಸಿನ ಪುಡಿ.

ದಾರಕ್ಕೆ ಕಟ್ಟಿದ ಅಯಸ್ಕಾಂತ ತುಂಬಾ ಕೆಲಸಕ್ಕೆ ಬಂತು. ಕೈಯಲ್ಲಿ ಹಿಡಿದರೆ ಗೊತ್ತಾಗದ ಸಣ್ಣ ಸೆಳೆತವೂ ದಾರದಲ್ಲಿ ತೂಗುವಾಗ ಕಾಣುತ್ತದೆ. ಕಪ್ಪು ಕಲ್ಲುಗಳ ಕಡೆಗೆ ಅದು ಮೆಲ್ಲಗೆ ವಾಲಿತು, ಅವುಗಳಲ್ಲಿ ಮ್ಯಾಗ್ನಟೈಟ್ ಕಣಗಳು ಚದುರಿರುತ್ತವೆ.

ಐದನೇ ದಿನ: ನೀರಿನಲ್ಲಿ ತೂಕ

ಸಾಂದ್ರತೆ ತೆಗೆಯುವುದು ಕಷ್ಟ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಖಂಡಿತ ಕಷ್ಟ ಇಲ್ಲ. ಮೊದಲು ಒಣ ಕಲ್ಲನ್ನು ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳು ದಾರ ಕಟ್ಟಿ, ಕೈಯಲ್ಲಿ ಹಿಡಿದು, ಪೂರ್ತಿ ಮುಳುಗುವಂತೆ ಇಳಿಬಿಡಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಂದು ಗ್ರಾಂ ನೀರು ಅಂದರೆ ಒಂದು ಘನ ಸೆಂಟಿಮೀಟರ್. ಒಣ ತೂಕವನ್ನು ಅದರಿಂದ ಭಾಗಿಸಿದರೆ ಮುಗಿಯಿತು.

ಗ್ರಾನೈಟ್ ಅಂತ ಬರೆದಿದ್ದ 2ನೇ ಕಲ್ಲು 142 ಗ್ರಾಂ. ನೀರಿನಲ್ಲಿ 64 ತೋರಿಸಿತು. ಲೆಕ್ಕ ಹಾಕಿದರೆ 2.2. ಗ್ರಾನೈಟ್ ಇಷ್ಟು ಹಗುರ ಇರಲು ಸಾಧ್ಯವೇ ಇಲ್ಲ, 2.6ರಿಂದ 2.7ರೊಳಗೆ ಇರಬೇಕು. ಎರಡು ಸಲ ತೂಗಿದರೂ ಅದೇ. ಬಗ್ಗಿ ಪಾತ್ರೆಯನ್ನು ಪಕ್ಕದಿಂದ ನೋಡಿದಾಗ ಕಾರಣ ಸಿಕ್ಕಿತು. ಕಲ್ಲಿನ ಕೆಳಗಿನ ಮೂಲೆ ಪಾತ್ರೆಯ ತಳಕ್ಕೆ ತಾಗುತ್ತಿತ್ತು. ಅಂದರೆ ಕಲ್ಲಿನ ಭಾರದ ಒಂದು ಪಾಲನ್ನೂ ತಕ್ಕಡಿ ಹೊರುತ್ತಿತ್ತು. ಅಂದಿನಿಂದ ಕೈ ನಂಬುವುದು ಬಿಟ್ಟೆ. ಎರಡು ಪುಸ್ತಕದ ರಾಶಿ ಮಾಡಿ, ಮೇಲೆ ಒಂದು ಸ್ಕೇಲು ಅಡ್ಡ ಇಟ್ಟು, ಅದಕ್ಕೆ ದಾರ ಕಟ್ಟಿದೆ. ಕಲ್ಲು ಅಲ್ಲಾಡದೆ ನೀರಿನ ನಡುವೆ ನಿಂತಿತು. ಈ ಸಲ 53.6. ಸಾಂದ್ರತೆ 2.65.

ಈ ವ್ಯವಸ್ಥೆ ಸರಿ ಇದೆಯಾ ಅಂತ ನೋಡಲು ಒಂದು ಶುದ್ಧ ಬೆಣಚು ಹರಳು ತೂಗಿದೆ. ಒಣ ತೂಕ 38.2, ನೀರಿನಲ್ಲಿ 14.4. ಭಾಗಿಸಿದರೆ 2.65. ಬೆಣಚಿನ ಸಾಂದ್ರತೆಯೂ ಅಷ್ಟೇ. ತುಂಬಾ ಸಂತೋಷವಾಯಿತು, ಅಡುಗೆಮನೆಯ ತಕ್ಕಡಿಯಲ್ಲಿ ಇಷ್ಟು ನಿಖರವಾಗಿ ಬರುತ್ತದೆ ಅಂದುಕೊಂಡಿರಲಿಲ್ಲ.

ಸಣ್ಣ ಕಲ್ಲುಗಳಲ್ಲಿ ತಪ್ಪು ಜಾಸ್ತಿ ಬರುತ್ತದೆ, 30 ಗ್ರಾಂಗಿಂತ ಕಡಿಮೆ ಇದ್ದವನ್ನು ಮೂರು ಸಲ ತೂಗಿದೆ. ಮೈಗೆ ಅಂಟಿದ ಗಾಳಿ ಗುಳ್ಳೆಗಳನ್ನು ಕುಂಚದಲ್ಲಿ ತೆಗೆಯಬೇಕು. ಮರಳುಗಲ್ಲು ನೀರು ಕುಡಿಯುತ್ತದೆ. ಅದನ್ನು ಮೊದಲು ಒಣಗಿಸಿ ತೂಗಿ, ರಾತ್ರಿ ನೆನೆಸಿ, ಆಮೇಲೆ ಮುಳುಗಿಸಿದೆ. 28ನೇ ಹೆಮಟೈಟ್ 4.9 ಬಂತು. ಪೂರ್ತಿ ಶುದ್ಧ ಆಗಿದ್ದರೆ 5.3ರ ಹತ್ತಿರ ಬರಬೇಕಿತ್ತು, ಒಳಗೆ ಬೆಣಚಿನ ಎಳೆಗಳಿದ್ದವು.

ಆರು, ಏಳನೇ ದಿನ: ಚುಕ್ಕೆ ಲೆಕ್ಕ

‘ಗ್ರಾನೈಟ್’ ಅಂತ ಬರೆದಿದ್ದ ಕಲ್ಲುಗಳು ಏಳಿದ್ದವು. ಕಲ್ಲು ವ್ಯಾಪಾರದಲ್ಲಿ ಗಟ್ಟಿಯಾಗಿ ಪಾಲಿಷ್ ಕೂರುವ ಎಲ್ಲಕ್ಕೂ ಗ್ರಾನೈಟ್ ಅನ್ನುತ್ತಾರೆ. ಕಪ್ಪು ಗ್ರಾನೈಟ್ ಅಂತ ಮಾರುವುದು ಸಾಮಾನ್ಯವಾಗಿ ಡಾಲರೈಟ್ ಅಥವಾ ಗ್ಯಾಬ್ರೊ ಅನ್ನುವ ಬೇರೆ ಕಲ್ಲು. ಭೂವಿಜ್ಞಾನದಲ್ಲಿ ಹಾಗಲ್ಲ. ಬೆಣಚು ಮತ್ತು ಎರಡು ಬಗೆಯ ಫೆಲ್ಡ್‌ಸ್ಪಾರ್ (ಕ್ಷಾರ ಫೆಲ್ಡ್‌ಸ್ಪಾರ್, ಪ್ಲೇಜಿಯೊಕ್ಲೇಸ್) ಮಾತ್ರ ಲೆಕ್ಕಕ್ಕೆ ತಗೊಂಡು, ಅದರಲ್ಲಿ ಬೆಣಚು 20ರಿಂದ 60 ಶೇಕಡಾ ಇರಬೇಕು. ಫೆಲ್ಡ್‌ಸ್ಪಾರ್‌ನಲ್ಲೂ ಕ್ಷಾರ ಫೆಲ್ಡ್‌ಸ್ಪಾರ್‌ನ ಪಾಲು 35ರಿಂದ 90 ಶೇಕಡಾ ಇರಬೇಕು.

ಇದನ್ನು ಅಳೆಯುವುದು ಹೇಗೆ? ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ 10 ಸಾಲು, ಸಾಲಿಗೆ 10 ಚುಕ್ಕೆ, ಒಟ್ಟು 100 ಚುಕ್ಕೆ ಇಟ್ಟೆ. ಕಲ್ಲಿನ ಒಂದು ಮುಖವನ್ನು ಮರಳು ಕಾಗದದ (ಸ್ಯಾಂಡ್‌ಪೇಪರ್) ಮೇಲೆ ನೀರು ಹಾಕಿ ಉಜ್ಜಿ ಸಮ ಮಾಡಿದೆ. ನೀರು ಕಡ್ಡಾಯ, ಬೆಣಚಿನ ಒಣ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಹಾಳೆ ಹಾಸಿ, ಪ್ರತಿ ಚುಕ್ಕೆಯ ಕೆಳಗೆ ಯಾವ ಖನಿಜ ಇದೆ ಅಂತ ಲೆನ್ಸಿನಲ್ಲಿ ನೋಡಿ ಗೆರೆ ಹಾಕುತ್ತಾ ಹೋದೆ. ಬೆಣಚು ಬೂದು ಗಾಜಿನ ಹಾಗೆ, ಸೀಳು ಇಲ್ಲ. ಫೆಲ್ಡ್‌ಸ್ಪಾರ್ ಹಾಲುಬಣ್ಣ ಅಥವಾ ಗುಲಾಬಿ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿ ಎರಡು ಕಡೆ ಸೀಳುತ್ತದೆ, ಬೆಳಕಿಗೆ ತಿರುಗಿಸಿದರೆ ಕಿಟಕಿಯಂತೆ ಫಳ್ ಅನ್ನುತ್ತದೆ. ಪ್ಲೇಜಿಯೊಕ್ಲೇಸ್ ಅನ್ನುವ ಫೆಲ್ಡ್‌ಸ್ಪಾರ್ ಮೇಲೆ ಗ್ರಾಮಫೋನ್ ರೆಕಾರ್ಡಿನ ಗೆರೆಗಳಂತೆ ಸಮಾನಾಂತರ ಸಣ್ಣ ಗೆರೆಗಳಿರುತ್ತವೆ. ಆ ಗೆರೆ ಕಾಣಲು ಕಲ್ಲನ್ನು ಕೂದಲೆಳೆಯಷ್ಟು ಕೋನ ಬದಲಿಸುತ್ತಾ ಹೋಗಬೇಕು. ಮೊದಲ ಸಲ ಕಂಡಾಗ ನಾನು ಉಸಿರು ಹಿಡಿದಿದ್ದೆ.

2ನೇ ಕಲ್ಲು: ಬೆಣಚು 29, ಕ್ಷಾರ ಫೆಲ್ಡ್‌ಸ್ಪಾರ್ 34, ಪ್ಲೇಜಿಯೊಕ್ಲೇಸ್ 27, ಕಾಗೆಬಂಗಾರ ಮತ್ತಿತರ ಕಪ್ಪು ಖನಿಜ 10. ಕಪ್ಪು ಬಿಟ್ಟು ಲೆಕ್ಕ ಹಾಕಿದರೆ ಬೆಣಚು 32 ಶೇಕಡಾ. ಇದು ಗ್ರಾನೈಟೇ.

5ನೇದು ದೂರದಿಂದ ಅದರ ತಮ್ಮನ ಹಾಗಿದೆ. ಆದರೆ ಬೆಣಚು 8 ಮಾತ್ರ. ಹಾಳೆಯನ್ನು ಬೇರೆ ಕಡೆ ಇಟ್ಟು ಮತ್ತೆ ಎರಡು ಸಲ ಎಣಿಸಿದೆ: 11, 7. ಫೆಲ್ಡ್‌ಸ್ಪಾರ್ ಬಹುಪಾಲು ಗೆರೆಯಿರುವ ಪ್ಲೇಜಿಯೊಕ್ಲೇಸ್. ಕಪ್ಪು ಖನಿಜ ಸುಮಾರು 20. ಇದು ಕ್ವಾರ್ಟ್ಸ್ ಡಯೊರೈಟ್. 7ನೇದರಲ್ಲಿ ಖನಿಜ ಎಲ್ಲ ಗ್ರಾನೈಟಿನವೇ, ಆದರೆ ಕಪ್ಪು ಬಿಳುಪು ಪಟ್ಟೆ ಪಟ್ಟೆಯಾಗಿ ಒಂದೇ ದಿಕ್ಕಿಗೆ ಮಲಗಿವೆ. ಅದು ನೈಸ್, ಬಿಸಿ ಮತ್ತು ಒತ್ತಡದಲ್ಲಿ ರೂಪ ಬದಲಿಸಿದ ಕಲ್ಲು. ಏಳರಲ್ಲಿ ಗ್ರಾನೈಟಾಗಿ ಉಳಿದದ್ದು ಮೂರು.

ಮೂರು ಮನೆ

ಇಷ್ಟಾದ ಮೇಲೆ ಮೇಜಿನ ಮೇಲೆ ಮೂರು ಟ್ರೇ ಇಟ್ಟೆ: ಅಗ್ನಿಶಿಲೆ, ಪದರಶಿಲೆ, ರೂಪಾಂತರ ಶಿಲೆ. ಪ್ರತಿ ಕಲ್ಲಿಗೂ ಒಂದೇ ಪ್ರಶ್ನೆ ಕೇಳಿದೆ. ಕಣಗಳು ಒಂದಕ್ಕೊಂದು ಹಲ್ಲು ಕಚ್ಚಿ ಕೂತಿವೆಯಾ, ಇಲ್ಲಾ ಅಂಟು ಹಾಕಿ ಜೋಡಿಸಿದಂತಿವೆಯಾ? ಹಲ್ಲು ಕಚ್ಚಿ, ದಿಕ್ಕುದೆಸೆ ಇಲ್ಲದೆ ಕೂತಿದ್ದರೆ ಅದು ಕರಗಿದ ಶಿಲಾರಸ ತಣಿದು ಆದದ್ದು. ಅಂಟು ಹಾಕಿದಂತಿದ್ದರೆ ಪದರಶಿಲೆ. ಹಲ್ಲು ಕಚ್ಚಿ ಒಂದೇ ದಿಕ್ಕಿಗೆ ಮಲಗಿದ್ದರೆ ರೂಪಾಂತರ. ಅಮೃತಶಿಲೆ ಮತ್ತು ಕ್ವಾರ್ಟ್‌ಜೈಟ್ ಈ ಕೊನೇ ಸೂತ್ರಕ್ಕೆ ಹೊರತು. ಅವುಗಳಲ್ಲಿ ಹೆಚ್ಚುಕಡಿಮೆ ಒಂದೇ ಖನಿಜ ಇರುವುದರಿಂದ ಪಟ್ಟೆ ಮೂಡದೆಯೂ ಇರಬಹುದು. ಅವನ್ನು ಗಟ್ಟಿತನ ಮತ್ತು ಹುಳಿಯಿಂದಲೇ ಹಿಡಿಯಬೇಕು.

ಅಗ್ನಿಶಿಲೆಯಲ್ಲಿ ಹರಳಿನ ಗಾತ್ರ ತಣಿದ ವೇಗ ಹೇಳುತ್ತದೆ. ಆಳದಲ್ಲಿ ನಿಧಾನಕ್ಕೆ ತಣಿದರೆ ಹರಳು ಬೆಳೆಯಲು ಸಮಯ ಸಿಗುತ್ತದೆ. ಮೇಲೆ ಹರಿದು ಬೇಗ ತಣಿದರೆ ಕಣ್ಣಿಗೆ ಕಾಣದಷ್ಟು ಸಣ್ಣ. ಗ್ಯಾಬ್ರೊ ಮತ್ತು ಬಸಾಲ್ಟ್ ಒಂದೇ ಸಾಮಗ್ರಿ, ತಣಿದ ಜಾಗ ಬೇರೆ. ಗ್ರಾನೈಟ್ ಮತ್ತು ರಯೊಲೈಟ್ ಕೂಡ ಹಾಗೇ.

ಪದರಶಿಲೆಯ ಹೆಸರು ಕಣದ ಅಳತೆಯಿಂದ ಬರುತ್ತದೆ. 2 ಮಿಲಿಮೀಟರಿನಿಂದ 0.0625 ಮಿಲಿಮೀಟರಿನವರೆಗೆ ಮರಳು. ಅದಕ್ಕಿಂತ ಸಣ್ಣದು ಹೂಳು, ಇನ್ನೂ ಸಣ್ಣದು ಜೇಡಿ. ಹೂಳುಗಲ್ಲೋ ಜೇಡಿಗಲ್ಲೋ ಅನ್ನುವುದಕ್ಕೆ ಭೂವಿಜ್ಞಾನಿಗಳು ಮಾಡುವ ಹಳೇ ಉಪಾಯ ಮಾಡಿದೆ: ತೊಳೆದ ಒಂದು ಚೂರನ್ನು ಮುಂದಿನ ಹಲ್ಲಿನಲ್ಲಿ ಮೆಲ್ಲಗೆ ಉಜ್ಜಿ ನೋಡಿದೆ. ಕರಕರ ಅಂದರೆ ಹೂಳು, ನುಣ್ಣಗಿದ್ದರೆ ಜೇಡಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕಲ್ಲನ್ನು ಬಾಯಿಗೆ ಹಾಕಬೇಡಿ.

ಜೇಡಿ ಗಟ್ಟಿಯಾಗಿ ಆದ ಶೇಲ್, ಅದು ರೂಪಾಂತರಗೊಂಡು ಆದ ಸ್ಲೇಟ್ ಎರಡೂ ತೆಳ್ಳಗೆ ಎದ್ದು ಬರುತ್ತವೆ. ಬೆರಳಿನಿಂದ ತಟ್ಟಿದರೆ ಶೇಲ್ ಮಂದವಾಗಿ ಟಕ್ ಅನ್ನುತ್ತದೆ, ಸ್ಲೇಟ್ ಠಣ್ ಅನ್ನುತ್ತದೆ. ಶೇಲ್ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ.

22ನೇದು ಯಾವ ಟ್ರೇಗೂ ಸೇರಲಿಲ್ಲ. ಕಪ್ಪು, ತೂತು ತೂತು. ‘ಲಾವಾ’ ಅಂತ ಹಳೇ ಹೆಸರು. ಒಡೆದ ಮೈ ಬಾಟಲಿಯಂತೆ ಹೊಳೆಯಿತು. ಒಳಗೆ ಅಲ್ಲಲ್ಲಿ ತುಕ್ಕಿನ ಚುಕ್ಕೆ. ಅರ ಆಡಿಸಿದಾಗ ಒಂದು ಚುಕ್ಕೆ ಬೆಳ್ಳಗೆ ಲೋಹದಂತೆ ಮಿನುಗಿತು. ಲಾವಾದಲ್ಲಿ ಕಬ್ಬಿಣದ ಹನಿ ಹೀಗೆ ಇರುವುದಿಲ್ಲ. ಇದು ಕುಲುಮೆಯ ಕಿಟ್ಟ, ಮನುಷ್ಯರು ಕಬ್ಬಿಣ ಕರಗಿಸಿದಾಗ ಉಳಿದದ್ದು. ಕಲ್ಲಲ್ಲದಿದ್ದರೂ ಪೆಟ್ಟಿಗೆಯಿಂದ ತೆಗೆಯಲಿಲ್ಲ, ಹೋಲಿಸಿ ನೋಡಲು ಬೇಕು.

17ನೇ ಕಲ್ಲು

ಎಲ್ಲ ಪರೀಕ್ಷೆ ಮುಗಿದರೂ ಹೆಸರು ಕೊಡದೆ ಕೂತಿದ್ದು 17. ಕಡುಗಪ್ಪು, ಸಣ್ಣ ಹರಳು, ಗಾಜು ಗೀರುತ್ತದೆ, ಹುಳಿಗೆ ಸುಮ್ಮನಿರುತ್ತದೆ, ಅಯಸ್ಕಾಂತ ಸ್ವಲ್ಪ ವಾಲುತ್ತದೆ. ಒಣ ತೂಕ 186.4, ನೀರಿನಲ್ಲಿ 62.5, ಸಾಂದ್ರತೆ 2.98. ಇದು ಡಾಲರೈಟ್ ಇರಬಹುದು, ಅದು ಅಗ್ನಿಶಿಲೆ. ಆಂಫಿಬೊಲೈಟ್ ಕೂಡ ಇರಬಹುದು, ಅದು ರೂಪಾಂತರ ಶಿಲೆ. ಎರಡರ ಸಾಂದ್ರತೆಯೂ ಇಲ್ಲೇ ಬರುತ್ತದೆ. ಕಪ್ಪು ಖನಿಜದ ಸೀಳು ಯಾವ ಕೋನದಲ್ಲಿದೆ ಅಂತ ಕಂಡರೆ ಸಾಕಿತ್ತು: ಡಾಲರೈಟಿನಲ್ಲಿರುವ ಪೈರಾಕ್ಸೀನ್ ಆದರೆ ಹೆಚ್ಚುಕಡಿಮೆ 90 ಡಿಗ್ರಿ, ಆಂಫಿಬೊಲೈಟಿನಲ್ಲಿರುವ ಹಾರ್ನ್‌ಬ್ಲೆಂಡ್ ಆದರೆ 56 ಮತ್ತು 124. ಆದರೆ ಹರಳುಗಳು ಲೆನ್ಸಿಗೆ ಸಿಗದಷ್ಟು ಸಣ್ಣ.

ಉಳಿದ ದಾರಿ ಒಂದೇ, ತೆಳು ಛೇದ. 19ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸೋರ್ಬಿ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಮೈಕ್ರೊಸ್ಕೋಪಿನಲ್ಲಿ ನೋಡುವುದನ್ನು ಮಾಡಿ ತೋರಿಸಿದರು. ಇಂದು ಅದರ ದಪ್ಪ 0.03 ಮಿಲಿಮೀಟರ್ ಅಂತ ನಿಗದಿಯಾಗಿದೆ. ಯಂತ್ರ ಇಲ್ಲದೆ ಕೈಯಲ್ಲೇ ಮಾಡಬಹುದಾ ಅಂತ ನೋಡೋಣ ಅಂದುಕೊಂಡೆ.

ಬೆರಳಿನುಗುರಿನಷ್ಟು ಚಕ್ಕೆ ಆರಿಸಿದೆ. ದಪ್ಪ ಗಾಜಿನ ಹಲಗೆ ಮೇಲೆ 220 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ, ನೀರು ಹಾಕಿ 8ರ ಆಕಾರದಲ್ಲಿ ಉಜ್ಜಿದೆ. ಆಮೇಲೆ ಇನ್ನೂ ಇನ್ನೂ ನುಣ್ಣಗಿನ 400, 600, 1000. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕೈ, ಕಲ್ಲು, ಗಾಜು ಎಲ್ಲ ತೊಳೆಯಬೇಕು. ಒಂದು ದಪ್ಪ ಕಣ ಉಳಿದರೂ ಗೀರು ಬೀಳುತ್ತದೆ. ಕನ್ನಡಿಯಂತಾದ ಮುಖವನ್ನು ಪಾರದರ್ಶಕ ಎಪಾಕ್ಸಿ ಅಂಟಿನಲ್ಲಿ ಗಾಜಿನ ಸ್ಲೈಡಿಗೆ ಅಂಟಿಸಿ ಒಂದು ದಿನ ಬಿಟ್ಟೆ. ಆಮೇಲೆ ಇನ್ನೊಂದು ಮುಖದಿಂದ ಉಜ್ಜಾಟ.

ಮೊದಲನೇದು ಹಾಳಾಯಿತು. ಹೆಬ್ಬೆರಳಿನ ಕಡೆ ಒತ್ತಡ ಜಾಸ್ತಿ ಬಿದ್ದು ಒಂದು ಬದಿ ಸವೆದೇ ಹೋಯಿತು, ಇನ್ನೊಂದು ಬದಿ ಇನ್ನೂ ಕಪ್ಪಾಗಿಯೇ ಇತ್ತು. ಎರಡನೇದಕ್ಕೆ ಸ್ಲೈಡಿನ ಹಿಂದೆ ಒಂದು ಮರದ ತುಂಡು ಅಂಟಿಸಿ, ಅದನ್ನು ಹಿಡಿದು ಉಜ್ಜಿದೆ. ಹತ್ತು ಸುತ್ತಿಗೊಮ್ಮೆ ಸ್ಲೈಡನ್ನು ಅರ್ಧ ತಿರುಗಿಸಿದೆ. ಮೂರು ಸಂಜೆ ಹಿಡಿಯಿತು. ಕಪ್ಪು ಕಲ್ಲು ಮೊದಲು ಕಂದಾಯಿತು, ಆಮೇಲೆ ಹೊಗೆ ಹಿಡಿದ ಗಾಜಿನಂತಾಯಿತು, ಕೊನೆಗೆ ಅದರ ಮೂಲಕ ನೋಟ್‌ಬುಕ್ಕಿನ ಅಕ್ಷರ ಓದಲು ಬಂತು.

ಶಾಲೆಯ ಮಕ್ಕಳು ಬಳಸುವಂಥ ಸಾದಾ ಮೈಕ್ರೊಸ್ಕೋಪು, 40 ಪಟ್ಟು. ಹಾಳಾದ ಕ್ಯಾಲ್ಕುಲೇಟರ್ ಪರದೆಯಿಂದ ಬಿಡಿಸಿದ ಧ್ರುವೀಕರಣ ಹಾಳೆಯ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಎರಡು ತುಂಡು. ಒಂದು ಸ್ಲೈಡಿನ ಕೆಳಗೆ, ಇನ್ನೊಂದು ಮೇಲೆ, ಒಂದಕ್ಕೊಂದು ಅಡ್ಡ. ಬರೀ ಗಾಜು ಕತ್ತಲಾಯಿತು. ಕಲ್ಲಿದ್ದ ಜಾಗ ಮಾತ್ರ ಬೆಳಗಿತು.

ಉದ್ದುದ್ದ ಕಡ್ಡಿಯಂಥ ಹರಳುಗಳು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡಿದ್ದವು. ಪ್ರತಿ ಕಡ್ಡಿಯ ಮೈಮೇಲೂ ಬಿಳಿ, ಕಪ್ಪು ಪಟ್ಟೆ. ಸ್ಲೈಡ್ ತಿರುಗಿಸಿದರೆ ಬಿಳಿ ಪಟ್ಟೆ ಕಪ್ಪಾಗುತ್ತಿತ್ತು, ಕಪ್ಪು ಬಿಳಿಯಾಗುತ್ತಿತ್ತು. ಗ್ರಾನೈಟಿನಲ್ಲಿ ಉಸಿರು ಹಿಡಿದು ಹುಡುಕಿದ್ದ ಅದೇ ಪ್ಲೇಜಿಯೊಕ್ಲೇಸ್ ಗೆರೆಗಳು, ಈಗ ಒಳಗಿನಿಂದ. ಬಿಳಿಯಲ್ಲಿ ಸ್ವಲ್ಪ ಹಳದಿ ಛಾಯೆ ಇತ್ತು, ಅಂದರೆ ನನ್ನ ಛೇದ 0.03ಕ್ಕಿಂತ ಸ್ವಲ್ಪ ದಪ್ಪ. ಕಡ್ಡಿಗಳ ನಡುವಿನ ಜಾಗದಲ್ಲೆಲ್ಲ ಕಿತ್ತಳೆ, ನೀಲಿ, ನೇರಳೆ ಬಣ್ಣದ ದೊಡ್ಡ ಹರಳುಗಳು. ಒಂದು ಕಡೆ ನಾಲ್ಕು ಕಡ್ಡಿಗಳು ಒಂದೇ ಬಣ್ಣದ ಹರಳಿನೊಳಗೆ ಚುಚ್ಚಿಕೊಂಡಿದ್ದವು. ಮೇಲಿನ ಹಾಳೆ ತೆಗೆದು, ಒಂದೇ ಹಾಳೆಯಲ್ಲಿ ಸ್ಲೈಡ್ ತಿರುಗಿಸಿ ನೋಡಿದೆ. ಹಾರ್ನ್‌ಬ್ಲೆಂಡ್ ಆಗಿದ್ದರೆ ಹಸಿರು, ಕಂದು ಅಂತ ಬಣ್ಣ ಬದಲಿಸಬೇಕಿತ್ತು. ಬದಲಿಸಲಿಲ್ಲ, ತಿಳಿಗಂದು ಹಾಗೇ ಉಳಿಯಿತು. ಅದು ಪೈರಾಕ್ಸೀನ್. ಯಾವ ಹರಳೂ ಒಂದೇ ದಿಕ್ಕಿಗೆ ಮಲಗಿರಲಿಲ್ಲ. ಫೆಲ್ಡ್‌ಸ್ಪಾರ್ ಕಡ್ಡಿಗಳು ಶಿಲಾರಸದಲ್ಲಿ ಮೂಡಿಕೊಂಡ ಮೇಲೆ, ಉಳಿದ ರಸ ಅವುಗಳ ಸುತ್ತ ಪೈರಾಕ್ಸೀನ್ ಆಗಿ ಗಟ್ಟಿಯಾಗಿತ್ತು.

ನೋಟ್‌ಬುಕ್ಕಿನ ಕೊನೇ ಪುಟದ ಲೆಕ್ಕ ನೋಡಿದೆ. 43 ಹಳೇ ಹೆಸರುಗಳಲ್ಲಿ ಸರಿಯಾಗಿ ಉಳಿದದ್ದು 19. ಎರಡಕ್ಕೆ ಇನ್ನೂ ಹೆಸರಿಲ್ಲ. ಅವುಗಳ ಪುಟದಲ್ಲಿ ಅಳತೆಗಳನ್ನು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಸೀಲ್ ಮಾಡಿದ 40 ಅದರಲ್ಲೊಂದು. ಈಗ ಪ್ರತಿ ಪುಟದಲ್ಲೂ ಹೆಸರಿನ ಕೆಳಗೆ, ಆ ಹೆಸರು ಯಾಕೆ ಅಂತ ಒಂದು ಸಾಲು ಇದೆ. 17ರ ಪುಟದಲ್ಲಿ ಹೀಗೆ ಬರೆದೆ: ‘ಡಾಲರೈಟ್. ಸಾಂದ್ರತೆ 2.98. ಪಟ್ಟೆಯ ಪ್ಲೇಜಿಯೊಕ್ಲೇಸ್ ಕಡ್ಡಿಗಳು ಪೈರಾಕ್ಸೀನ್ ಒಳಗೆ ಚುಚ್ಚಿಕೊಂಡಿವೆ, ಸ್ಲೈಡ್ 2 ನೋಡಿ.’